ನಲವತ್ತು ಸಾವಿರ ಸಸಿಗಳ ಗುರಿ, ಒಂಬೈನೂರು ಎಕರೆಯ ಕಾವಲು

ಪ್ರಶ್ನೆ: ಬಯಲುಸೀಮೆಯ ತಾಲ್ಲೂಕೊಂದರಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಎಂಟು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ವಲಯದಲ್ಲಿ ಸುಮಾರು 900 ಎಕರೆಯ ಹುಲ್ಲಿನ ಕಾವಲೊಂದಿದೆ. ದಾಖಲೆಯಲ್ಲಿ ಇದರ 620 ಎಕರೆ ಅರಣ್ಯ, ಉಳಿದದ್ದು ಗೋಮಾಳ. ಅಲ್ಲಲ್ಲಿ ಕರಿಜಾಲಿ, ಬೋರೆ ಬಿಟ್ಟರೆ ಮರಗಳಿಲ್ಲ. ಅಂಚಿನಲ್ಲಿ ಬಳ್ಳಾರಿ ಜಾಲಿ ಎಂಬ ಹೊರನಾಡಿನ ಮುಳ್ಳುಗಿಡ ಹಬ್ಬಿದೆ. ಈ ಮಳೆಗಾಲದಲ್ಲಿ ಇಲ್ಲಿ 100 ಹೆಕ್ಟೇರಿಗೆ 40,000 ಸಸಿ ನೆಡುವ ಗುರಿ ಕೊಟ್ಟಿದ್ದಾರೆ. ಯಂತ್ರದಿಂದ ಕಂದಕ ತೋಡುವುದು ಮತ್ತು ಎರಡು ನೀರಿನ ತೊಟ್ಟಿ ಕಟ್ಟುವುದೂ ಅದೇ ಯೋಜನೆಯಲ್ಲಿದೆ. ಕಳೆದ ಚಳಿಗಾಲದಲ್ಲಿ ಹಳ್ಳದ ಬದಿಯಲ್ಲಿ ತೋಳ ಮರಿ ಹಾಕಿದ್ದನ್ನು ನಮ್ಮ ವಾಚರ್ ನೋಡಿದ್ದಾರೆ, ಕೃಷ್ಣಮೃಗಗಳೂ ಇವೆ. ಸಸಿ ನೆಟ್ಟರೆ ಮೂರು ವರ್ಷ ಮೇವು ಹೋಯಿತು ಎಂದು ಎರಡು ಹಟ್ಟಿಗಳ ಕುರಿಗಾರರು ಹೇಳುತ್ತಾರೆ. ಖಾಲಿ ಬಿಟ್ಟರೆ ಒತ್ತುವರಿಯಾಗುತ್ತದೆ ಎಂದು ಮೇಲಧಿಕಾರಿಗಳು ಹೇಳುತ್ತಾರೆ. ಮೇಯಿಸುವುದನ್ನೇ ಪೂರ್ತಿ ನಿಲ್ಲಿಸಿ ಎಂದು ವನ್ಯಜೀವಿಪ್ರಿಯರ ಗುಂಪೊಂದು ಒತ್ತಾಯಿಸುತ್ತಿದೆ. ಸಸಿ ನೆಡಲು ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಇದು ವಿವೇಕವೋ ಆಲಸ್ಯವೋ ತಿಳಿಯದಾಗಿದೆ. ಏನು ಮಾಡಲಿ?

ಉತ್ತರ: ಸಸಿ, ತೋಳ, ಕುರಿ, ಒತ್ತುವರಿ ಎಂದು ನೀವು ನಾಲ್ಕು ವಿಷಯಗಳನ್ನು ಬರೆದಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಸರ್ಕಾರ ನಿಮ್ಮ ಕೈಗೊಪ್ಪಿಸಿದ ಜಮೀನಿನಲ್ಲಿ ಕಣ್ಣಿಗೆ ಕಾಣುವಂಥ ಕಾಮಗಾರಿ ಏನನ್ನೂ ಮಾಡದಿದ್ದರೆ ಅದು ಕರ್ತವ್ಯಲೋಪವಾದೀತೇ ಎಂಬುದು ಆ ಆತಂಕ. ನಮ್ಮ ಇಲಾಖೆಯ ಲೆಕ್ಕಪತ್ರಗಳು ನೆಟ್ಟ ಸಸಿಯನ್ನೂ ತೋಡಿದ ಕಂದಕವನ್ನೂ ಎಣಿಸುತ್ತವೆ. ಮುಟ್ಟದೆ ಉಳಿಸಿದ ಹುಲ್ಲನ್ನು ಎಣಿಸುವ ಕಾಲಂ ಅವುಗಳಲ್ಲಿ ಇಲ್ಲ. ಆದ್ದರಿಂದ ನಿಮ್ಮ ಹಿಂಜರಿಕೆಯನ್ನು ಆಲಸ್ಯವೆಂದು ನಾನು ಕರೆಯುವುದಿಲ್ಲ, ಆದರೆ ಅದು ಹಿಂಜರಿಕೆಯಾಗಿಯೇ ಉಳಿದು ಕಡತದಲ್ಲಿ ಒಂದು ಸಾಲೂ ಮೂಡದಿದ್ದರೆ ಹೊರಗಿನವರಿಗೆ ಆಲಸ್ಯಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ ಇಂಥದೇ ಒಂದು ಕಾವಲಿನಲ್ಲಿ ನಾನು ನೀಲಗಿರಿ ನೆಡಿಸಿದ್ದೆ. ಸಸಿಗಳು ಚೆನ್ನಾಗಿ ಬದುಕಿದವು, ತಪಾಸಣೆಗೆ ಬಂದವರು ಬೆನ್ನು ತಟ್ಟಿದರು. ಐದಾರು ವರ್ಷಗಳ ನಂತರ ಅದೇ ದಾರಿಯಲ್ಲಿ ಹೋದಾಗ ಮರಗಳ ಕೆಳಗೆ ತರಗೆಲೆ ಬಿಟ್ಟರೆ ಬೇರೇನೂ ಇರಲಿಲ್ಲ. ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿಗಳಾಗಲಿ ಗೌಜಲಹಕ್ಕಿಗಳಾಗಲಿ ಕಾಣಿಸಲಿಲ್ಲ, ಅಲ್ಲಿ ಮೇಯುತ್ತಿದ್ದ ಮಂದೆಗಳು ಪಕ್ಕದ ಕಾಡಿನೊಳಗೆ ನುಗ್ಗತೊಡಗಿದ್ದವು. ಅಂದು ಯಾವ ನಿಯಮವನ್ನೂ ನಾನು ಮುರಿದಿರಲಿಲ್ಲವೆಂಬುದೇ ಇಂದಿಗೂ ನನ್ನನ್ನು ಕಾಡುತ್ತದೆ.

ಹುಲ್ಲಿನ ಬಯಲು ಖಾಲಿ ಜಾಗ ಎಂಬ ಭಾವನೆ ಎಲ್ಲಿಂದ ಬಂತು ಎಂಬುದನ್ನು ನೀವು ತಿಳಿದಿರಬೇಕು, ಏಕೆಂದರೆ ನಿಮ್ಮೆದುರು ಬರುವ ಹೆಚ್ಚಿನ ವಾದಗಳು ಅದರಿಂದಲೇ ಹುಟ್ಟುತ್ತವೆ. ಬ್ರಿಟಿಷರ ಕಾಲದ ಭೂಮಾಪನದಲ್ಲಿ ಕಂದಾಯ ಹುಟ್ಟದ ನೆಲವನ್ನು ಬಂಜರು ಎಂದು ಬರೆದರು. ನಮ್ಮ ಪಹಣಿಯಲ್ಲಿ ಇಂದಿಗೂ ಉಳಿದಿರುವ ‘ಖರಾಬು’ ಎಂಬ ಮಾತು ಆ ನೆಲದ ಮಣ್ಣನ್ನಾಗಲಿ ಜೀವಗಳನ್ನಾಗಲಿ ಕುರಿತದ್ದಲ್ಲ, ಅದು ತೆರಿಗೆಯ ಮಾತು. ಆಮೇಲೆ ಉಪಗ್ರಹ ಚಿತ್ರಗಳ ಆಧಾರದ ಮೇಲೆ ತಯಾರಾದ ರಾಷ್ಟ್ರೀಯ ಬಂಜರು ಭೂಮಿ ನಕಾಶೆಗಳಲ್ಲಿಯೂ ಹುಲ್ಲುಗಾವಲು ಮತ್ತು ಕುರುಚಲು ಬಯಲುಗಳ ಬಹುಭಾಗ ಇದೇ ಹೆಸರಿನಡಿ ಸೇರಿತು. ಇನ್ನೊಂದು ಕಡೆ, ದೇಶದ ಅರಣ್ಯ ಸ್ಥಿತಿ ವರದಿಯು ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡ 10ಕ್ಕಿಂತ ಹೆಚ್ಚು ಮರಗಳ ನೆರಳಿರುವ ಯಾವುದೇ ಜಾಗವನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ನೀಲಗಿರಿ ತೋಪು ಅರಣ್ಯವಾಗುತ್ತದೆ, ತೋಳ ಮರಿ ಹಾಕಿದ ನಿಮ್ಮ ಕಾವಲು ಸೊನ್ನೆಯಾಗುತ್ತದೆ. ಗಣಿಗೋ ರಸ್ತೆಗೋ ಕಳೆದುಹೋದ ಕಾಡಿಗೆ ಬದಲಾಗಿ ಪರಿಹಾರಾತ್ಮಕ ಅರಣ್ಯೀಕರಣಕ್ಕೆ ಜಾಗ ಹುಡುಕುವವರ ಕಣ್ಣು ಇಂಥ ಸೊನ್ನೆಗಳ ಮೇಲೆಯೇ ಬೀಳುತ್ತದೆ. ನಿಮಗೆ ಬಂದಿರುವ ಗುರಿಯ ಹಿಂದೆ ಯಾರದೋ ದುರುದ್ದೇಶವಿದೆ ಎಂದು ಭಾವಿಸಬೇಡಿ. ಲೆಕ್ಕ ಹಾಕುವ ವಿಧಾನವೇ ಹಾಗಿದೆ.

ಹುಲ್ಲುಗಾವಲೆಂದರೆ ಜನ ಕಡಿದು ಹಾಳುಮಾಡಿದ ಕಾಡು ಎಂಬ ಇನ್ನೊಂದು ನಂಬಿಕೆ ಎಲ್ಲ ಕಡೆಯೂ ಸುಳ್ಳಲ್ಲ. ಕೆಲವು ಬಯಲುಗಳು ನಿಜವಾಗಿಯೂ ಹಾಗೆ ಆದವು. ಆದರೆ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ, ಮಣ್ಣಿನ ಪದರ ತೆಳುವಾದ ಸೀಮೆಯಲ್ಲಿ ಹುಲ್ಲು ತನ್ನಷ್ಟಕ್ಕೆ ತಾನೇ ನೆಲೆಗೊಂಡ ಸಸ್ಯಸಮುದಾಯ. ಬಿಸಿಲಿಗೂ ಬರಕ್ಕೂ ಹೊಂದಿಕೊಂಡ ಈ ಬಗೆಯ ಹುಲ್ಲುಗಳು ಉಪಖಂಡದಲ್ಲಿ ಹರಡಿದ್ದು ಸುಮಾರು 70ರಿಂದ 80 ಲಕ್ಷ ವರ್ಷಗಳ ಹಿಂದೆ ಎಂಬುದಕ್ಕೆ ಶಿವಾಲಿಕ್ ಬೆಟ್ಟಸಾಲಿನ ಹಳೆಯ ಮಣ್ಣಿನ ಪದರಗಳಲ್ಲಿ ಸಾಕ್ಷ್ಯವಿದೆ. ಅಷ್ಟು ದೂರ ಹೋಗುವುದೂ ಬೇಡ, ಕೃಷ್ಣಮೃಗವನ್ನೇ ನೋಡಿ. ದೂರದಿಂದಲೇ ಅಪಾಯವನ್ನು ಕಂಡು, ಅಡ್ಡಿಯಿಲ್ಲದ ನೆಲದಲ್ಲಿ ಓಡಿ ಪಾರಾಗುವುದೇ ಅದರ ರಕ್ಷಣೆ. ಅಂಥ ಪ್ರಾಣಿಯೊಂದು ಈ ನೆಲದಲ್ಲಿ ರೂಪುಗೊಳ್ಳಬೇಕಾದರೆ ಬಯಲು ಅದಕ್ಕಿಂತ ಮೊದಲೇ ಇದ್ದಿರಬೇಕು. ನಿಮ್ಮ ಕಾವಲು ಯಾವ ಬಗೆಯದೆಂದು ತಿಳಿಯಲು ಮಳೆಗಾಲದ ಕೊನೆಯಲ್ಲಿ ಒಂದು ವಾರ ಅದರಲ್ಲಿ ನಡೆದಾಡಬೇಕು. ಬುಡ ಕಟ್ಟಿ ವರ್ಷಾನುಗಟ್ಟಲೆ ಬದುಕುವ ಹುಲ್ಲುಗಳೂ, ನೆಲದೊಳಗೆ ಗೆಡ್ಡೆ ಇಟ್ಟುಕೊಂಡು ಮೊದಲ ಮಳೆಗೆ ಮೇಲೇಳುವ ಸಣ್ಣ ಗಿಡಗಳೂ ಬಹಳವಿದ್ದರೆ ಅದು ಹಳೆಯ ಹುಲ್ಲುಗಾವಲು. ಒಂದೇ ಮಳೆಗಾಲಕ್ಕೆ ಬಂದು ಒಣಗುವ ಹುಲ್ಲು, ದನಕರು ಬಾಯಿ ಹಾಕದ ತಂಗಡಿ, ಕಾಂಗ್ರೆಸ್ ಗಿಡ ಇವೇ ತುಂಬಿದ್ದರೆ ಅದು ಬಳಲಿದ ಹುಲ್ಲುಗಾವಲು. ಹಾಗಿದ್ದರೂ ಅದಕ್ಕೆ ಬೇಕಾದ ಚಿಕಿತ್ಸೆ ಸಸಿಯಲ್ಲ, ಬಿಡುವು. ಹಳೆಯ ಮರಗಳ ಬುಡಗಳು ಚಿಗುರುತ್ತಾ ಅಲ್ಲಲ್ಲಿ ಕಂಡರೆ ಮಾತ್ರ ಅಷ್ಟು ಭಾಗವನ್ನು ಕಾಡೆಂದು ತಿಳಿದು ಬೇರೆಯಾಗಿ ನೋಡಿಕೊಳ್ಳಿ.

ಮರ ನೆಟ್ಟರೆ ನೀರು ಹೆಚ್ಚುತ್ತದೆ ಎಂಬ ಮಾತನ್ನು ಗ್ರಾಮಸಭೆಯಲ್ಲಿ ನೀವು ಕೇಳಿಯೇ ಇರುತ್ತೀರಿ. ಮಲೆನಾಡಿನ ಹಳೆಯ ಕಾಡನ್ನು ಕಡಿದರೆ ಹೊಳೆ ಸೊರಗುವುದು ನಿಜ, ಆದರೆ ಆ ಅನುಭವವನ್ನು ತಂದು ಒಣಸೀಮೆಯ ಬಯಲಿನ ಮೇಲೆ ಹೊದಿಸಲಾಗದು. ಬೇಗ ಬೆಳೆಯುವ ಮರ ಹುಲ್ಲಿಗಿಂತ ಆಳದ ನೀರನ್ನು, ವರ್ಷದ ಹೆಚ್ಚು ತಿಂಗಳು ಹೀರುತ್ತದೆ. ಹುಲ್ಲುಗಾವಲು ಮತ್ತು ಕುರುಚಲು ನೆಲವನ್ನು ನೆಡುತೋಪು ಮಾಡಿದ ಕಡೆಗಳ ಮಾಹಿತಿಯನ್ನು ಜಗತ್ತಿನ ಹಲವು ಭಾಗಗಳಿಂದ ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೊರೆಗಳ ಹರಿವು ಸರಾಸರಿ ಅರ್ಧದಷ್ಟು ಕುಗ್ಗಿದ್ದು ಕಂಡುಬಂದಿತು. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದರ ಹಿಂದೆಯೂ ಅಂತರ್ಜಲದ ಚಿಂತೆಯೇ ಇತ್ತು. ಸಸಿ ನೀಲಗಿರಿಯದಲ್ಲ, ಹೊಂಗೆ ಬೇವುಗಳದು ಎಂದು ಯಾರಾದರೂ ಹೇಳಬಹುದು. ಹೆಕ್ಟೇರಿಗೆ 400ರಂತೆ ಒತ್ತಾಗಿ ಬೆಳೆದರೆ ನೆರಳಿನಿಂದ ಹುಲ್ಲಿಗಾಗುವ ಹಾನಿ ಆಗಿಯೇ ಆಗುತ್ತದೆ.

ರಾಣೆಬೆನ್ನೂರಿನ ಉದಾಹರಣೆಯನ್ನು ಮೇಲಧಿಕಾರಿಗಳೊಂದಿಗೆ ಮಾತಾಡುವಾಗ ನೆನಪಿಟ್ಟುಕೊಳ್ಳಿ. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ 119 ಚದರ ಕಿಲೋಮೀಟರಿನ ಆ ಅಭಯಾರಣ್ಯದ ದೊಡ್ಡ ಭಾಗ ನೀಲಗಿರಿ ನೆಡುತೋಪಾಯಿತು. ಒಂದು ಕಾಲದಲ್ಲಿ ದೊರವಾಯನ ಹಕ್ಕಿ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಾಣುತ್ತಿದ್ದ ಜಾಗವದು. ಇಂದು ನಮ್ಮ ರಾಜ್ಯದಲ್ಲಿ ಆ ಹಕ್ಕಿಗೆ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಆಸುಪಾಸಿನ ಹೊಲಬಯಲು ಮಾತ್ರ. ಹಕ್ಕಿ ಕಣ್ಮರೆಯಾದದ್ದಕ್ಕೆ ಬೇಟೆಯೂ ಬೇಸಾಯದ ಬದಲಾವಣೆಯೂ ಕಾರಣ, ಎಲ್ಲವನ್ನೂ ಮರಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬಯಲಿನ ಜೀವಿಗೆಂದು ಗುರುತಿಸಿದ ನೆಲದಲ್ಲಿ ಬಯಲನ್ನೇ ಮುಚ್ಚಿದ್ದನ್ನು ಸಮರ್ಥಿಸುವುದು ಕಷ್ಟ.

ಈಗ ಮೇಯಿಸುವುದನ್ನು ಪೂರ್ತಿ ನಿಲ್ಲಿಸಬೇಕೆನ್ನುವವರ ಮಾತಿಗೆ ಬರುತ್ತೇನೆ. ಅವರ ಕಾಳಜಿ ಪ್ರಾಮಾಣಿಕವಾದದ್ದು, ಬೇಡಿಕೆ ಅಪಾಯಕಾರಿ. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ಉದ್ಯಾನದಲ್ಲಿ 1982ರಲ್ಲಿ ಎಮ್ಮೆ ದನಗಳನ್ನು ಒಮ್ಮೆಗೇ ಹೊರಗಿಟ್ಟರು. ಅವು ಮೇದು ಹತೋಟಿಯಲ್ಲಿಟ್ಟಿದ್ದ ಜೌಗುಹುಲ್ಲು ಕೆರೆಯಂಗಳವನ್ನೆಲ್ಲ ತುಂಬಿ, ನೀರುಹಕ್ಕಿಗಳಿಗೆ ತೆರೆದ ನೀರೇ ಇಲ್ಲದಂತಾಯಿತೆಂಬುದನ್ನು ಅಲ್ಲಿ ದೀರ್ಘಕಾಲ ನಡೆದ ಅಧ್ಯಯನ ತೋರಿಸಿತು. ನಿಮ್ಮದು ಜೌಗಲ್ಲ, ಒಣಬಯಲು. ಆದರೂ ಮಿತವಾದ ಮೇಯಿಕೆ ನಿಂತರೆ ಕರಡ ದಟ್ಟವಾಗಿ ನಿಂತು ಬೇಸಿಗೆಯ ಬೆಂಕಿಗೆ ಉರುವಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಬೆಳಗಿನಿಂದ ಸಂಜೆಯವರೆಗೆ ಆ ನೆಲದ ಮೇಲೆ ಕಣ್ಣಿಟ್ಟಿರುವ ಕುರಿಗಾರರನ್ನು ನೀವು ಕಳೆದುಕೊಳ್ಳುತ್ತೀರಿ. ಕುರಿಗಾರನಿಗೂ ತೋಳಕ್ಕೂ ಇರುವ ಸಂಬಂಧ ಪ್ರೀತಿಯದಲ್ಲ. ವರ್ಷಕ್ಕೆ ಒಂದೆರಡು ಕುರಿ ಹೋಗುವುದನ್ನು ಅವರು ಸಹಿಸಿಕೊಂಡು ಬಂದಿದ್ದಾರೆ, ಆ ಸಹನೆ ಮೇವಿನ ನೆಲ ತಮ್ಮದೂ ಹೌದು ಎಂಬ ಭಾವನೆಯ ಮೇಲೆ ನಿಂತಿದೆ. ಆ ಭಾವನೆ ಮುರಿದ ದಿನ ಸತ್ತ ಕುರಿಗೆ ವಿಷ ಸವರುವ ಒಬ್ಬನು ಸಾಕು. ತೋಳ ವನ್ಯಜೀವಿ ಕಾಯಿದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲ ಅನುಸೂಚಿಯಲ್ಲಿದ್ದರೂ ರಾತ್ರಿ ಹೊತ್ತು ಆ ಹಳ್ಳದ ಬಳಿ ಕಾಯಿದೆ ಕಾವಲಿಗೆ ನಿಂತಿರುವುದಿಲ್ಲ. ಹಾಗೆಂದು ಈಗಿರುವ ಮೇಯಿಕೆಯೇ ಸರಿ ಎಂದು ನಾನು ಹೇಳುತ್ತಿಲ್ಲ. ಮಳೆ ಬಿದ್ದ ವಾರವೇ ಮಂದೆ ಇಳಿದರೆ ಹುಲ್ಲು ಬೀಜ ಕಟ್ಟುವುದಿಲ್ಲ, ನಾಲ್ಕೈದು ವರ್ಷಗಳಲ್ಲಿ ಒಳ್ಳೆಯ ಹುಲ್ಲು ಹೋಗಿ ತಂಗಡಿ ಉಳಿಯುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಗುರಿಯನ್ನು ಹಾಗೆಯೇ ಜಾರಿಗೊಳಿಸುವುದು. ಅದರಲ್ಲಿ ನಿಮಗೆ ವೈಯಕ್ತಿಕವಾಗಿ ಯಾವ ಅಪಾಯವೂ ಇಲ್ಲ, ಎಲ್ಲ ಅಪಾಯವೂ ಕಾವಲಿನದು. ಸಸಿಗಿಂತ ಕಂದಕ ಹೆಚ್ಚು ಕೆಟ್ಟದ್ದು ಎಂದು ನಾನು ಹೇಳುತ್ತೇನೆ, ಏಕೆಂದರೆ ಸಸಿಯನ್ನು ಮುಂದೆ ಕೀಳಬಹುದು, ಆದರೆ ತಿರುವಿ ಹಾಕಿದ ಹಳೆಯ ಹುಲ್ಲುನೆಲ ಒಬ್ಬರ ಸೇವಾವಧಿಯಲ್ಲಿ ಮರಳಿ ಬರುವುದಿಲ್ಲ, ಮತ್ತು ಕೆದಕಿದ ಮಣ್ಣಿಗೆ ಮೊದಲು ಬಂದು ಕೂರುವುದೇ ಬಳ್ಳಾರಿ ಜಾಲಿ.

ಎರಡನೆಯದು ಆದೇಶವನ್ನು ಸುಮ್ಮನೆ ಪಾಲಿಸದಿರುವುದು. ಇದನ್ನು ಮಾಡಬೇಡಿ. ನೀವು ವರ್ಗವಾದ ಮರುದಿನ ಬಂದವರು ಬಾಕಿ ಉಳಿದ ಕೆಲಸವೆಂದು ಮುಗಿಸಿಬಿಡುತ್ತಾರೆ.

ಮೂರನೆಯದು, ನಾನು ಸಲಹೆ ಮಾಡುವುದು, ಗುರಿಯನ್ನು ಉಳಿಸಿಕೊಂಡು ಸ್ಥಳವನ್ನು ಬದಲಿಸುವಂತೆ ಲಿಖಿತವಾಗಿ ಕೇಳುವುದು. ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ ಕಳುಹಿಸುವ ವರದಿಯಲ್ಲಿ ಭಾವನೆಯ ಮಾತು ಬೇಡ. ಹುಲ್ಲಿನ ಜಾತಿಗಳ ಪಟ್ಟಿ, ನಿಗದಿತ ಜಾಗಗಳಿಂದ ಬೇರೆ ಬೇರೆ ಋತುಗಳಲ್ಲಿ ತೆಗೆದ ಚಿತ್ರಗಳು, ಕೃಷ್ಣಮೃಗಗಳ ಎಣಿಕೆ, ವಾಚರ್ ಬರೆದ ದಿನಚರಿಯ ಪ್ರತಿ, ಮಣ್ಣಿನ ಆಳ ಇವಿಷ್ಟು ಇರಲಿ. ಚಳಿಗಾಲದಲ್ಲಿ ದೂರದ ಮಧ್ಯ ಏಷ್ಯಾದಿಂದ ಬಂದು ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ತಂಗುವ ಹ್ಯಾರಿಯರ್ ಹದ್ದುಗಳು ನಿಮ್ಮಲ್ಲಿಯೂ ಇರಬಹುದು. ನವೆಂಬರಿನಲ್ಲಿ ಒಂದು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ ನೋಡಿ. ಅವು ಮಿಡತೆ ತಿನ್ನುವ ಹಕ್ಕಿಗಳಾದ್ದರಿಂದ ಸುತ್ತಲ ರೈತರ ಮುಂದೆಯೂ ಅವುಗಳ ಪರವಾಗಿ ಮಾತಾಡುವುದು ಸುಲಭ. ತೋಳದ ಗೂಡಿರುವ ನಿಖರ ಜಾಗವನ್ನು ಮಾತ್ರ ಸಾರ್ವಜನಿಕರಿಗೆ ಸಿಗುವ ಯಾವ ಕಾಗದದಲ್ಲೂ ಬರೆಯಬೇಡಿ. 40,000 ಸಸಿಗಳು ಎಲ್ಲಿಗೆ ಹೋಗಬೇಕೆಂಬುದನ್ನು ಅದೇ ವರದಿಯಲ್ಲಿ ನೀವೇ ಸೂಚಿಸಬೇಕು, ಇಲ್ಲವಾದರೆ ಅದು ತಿರಸ್ಕಾರವಾಗುತ್ತದೆ. ರೈತರ ಬದುಗಳಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದ್ದೇ ಇದೆ, ರಸ್ತೆಬದಿ ಇದೆ, ಅಗೆದು ಬಿಟ್ಟ ಹಳೆಯ ಕ್ವಾರಿಗಳ ಅಂಚಿದೆ. ಮರ ಬೇಕಾದ ಜಾಗಗಳು ನಿಮ್ಮ ವಲಯದಲ್ಲಿ ಕಡಿಮೆಯೇನಿಲ್ಲ.

ಒತ್ತುವರಿಯ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡ ನೆಟ್ಟಿದ್ದರಿಂದಲೇ ಉಳಿದ ಜಾಗಗಳನ್ನು ನಾನೂ ಕಂಡಿದ್ದೇನೆ, ಹಾಗಾಗಿ ನಿಮ್ಮ ಮೇಲಧಿಕಾರಿಗಳ ಮಾತಿನಲ್ಲಿ ಅನುಭವವಿದೆ. ಆದರೆ ಗಡಿ ಕಾಯಬೇಕಾದದ್ದು ಗಡಿಯಲ್ಲಿ, 100 ಹೆಕ್ಟೇರಿನ ಒಡಲಲ್ಲಿ ಅಲ್ಲ. ಭೂಮಾಪನ ಇಲಾಖೆಯೊಂದಿಗೆ ಜಂಟಿ ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿ. 620 ಎಕರೆಗೆ ಪಹಣಿಯಲ್ಲಿ ಅರಣ್ಯ ಇಲಾಖೆಯ ಹೆಸರು ಸರಿಯಾಗಿ ಬಂದಿದೆಯೇ ನೋಡಿ. ಗೋಮಾಳದ ಸರ್ವೆ ನಂಬರುಗಳ ಮೇಲೆ ಬಗರ್‌ಹುಕುಂ ಅರ್ಜಿಗಳು, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ನಮೂನೆ 50, 53, 57, ಬಿದ್ದಿವೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಇದೇ ತಿಂಗಳು ವಿಚಾರಿಸಿ. ನೂರು ಜಾನುವಾರುಗಳಿಗೆ 12 ಹೆಕ್ಟೇರ್, ನಮ್ಮ ಮಾತಿನಲ್ಲಿ 30 ಎಕರೆ, ಗೋಮಾಳ ಇರಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಆ ಊರುಗಳ ಜಾನುವಾರು ಗಣತಿಯನ್ನು ಪಶುಸಂಗೋಪನೆ ಇಲಾಖೆಯಿಂದ ತರಿಸಿ ತಹಶೀಲ್ದಾರರ ಮುಂದಿಟ್ಟರೆ, ಗೋಮಾಳದಲ್ಲಿ ‘ಹೆಚ್ಚುವರಿ’ ಇದೆ ಎನ್ನುವ ವಾದ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಈ ಕೆಲಸದಲ್ಲಿ ಕುರಿಗಾರರು ನಿಮ್ಮ ಪಕ್ಷದಲ್ಲಿ ಇರುತ್ತಾರೆ.

ಬಳ್ಳಾರಿ ಜಾಲಿಯ ಬಗ್ಗೆ ನೀವು ಕೇಳದಿದ್ದರೂ ಹೇಳಬೇಕು, ಏಕೆಂದರೆ ಯೋಜನೆಯ ಹಣವನ್ನು ನಿಜವಾಗಿ ಖರ್ಚು ಮಾಡಬೇಕಾದದ್ದು ಇದಕ್ಕೆ. ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದಲ್ಲಿ ಉಪ್ಪುನೆಲ ಹರಡದಿರಲೆಂದು ನೆಟ್ಟ ಇದೇ ಗಿಡ ಮುಂದೆ ಹುಲ್ಲನ್ನೇ ನುಂಗಿತು. ಇದನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಏಳುತ್ತವೆ. ಬೇರಿನ ಬುಡವನ್ನು ಸುಮಾರು ಒಂದಡಿ ಆಳಕ್ಕೆ ಅಗೆದು ತೆಗೆಯಬೇಕು, ಸಣ್ಣ ಗಿಡಗಳನ್ನು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೈಯಿಂದಲೇ ಕೀಳಿಸಬೇಕು. ಕಾಯಿ ತಿಂದ ಕುರಿ ಮೇಕೆಗಳ ಹಿಕ್ಕೆಯಲ್ಲಿ ಬೀಜ ಸಾಗುವುದರಿಂದ ಕಾಯಿ ಹಣ್ಣಾಗುವ ತಿಂಗಳುಗಳಲ್ಲಿ ಆ ಅಂಚಿಗೆ ಮಂದೆ ಹೋಗದಂತೆ ನೋಡಿಕೊಳ್ಳಬೇಕು. ಮೂರು ವರ್ಷ ಬೆನ್ನು ಬಿಡದೆ ಮಾಡುವ ಹಣವೂ ಆಳೂ ಇಲ್ಲದಿದ್ದರೆ ಇದನ್ನು ಆರಂಭಿಸಲೇ ಬೇಡಿ. ಇನ್ನೊಂದು ಎಚ್ಚರಿಕೆ: ಬೇರೆ ಮರೆ ಇಲ್ಲದ ಕಡೆ ತೋಳಗಳು ಹಗಲು ಇಂಥ ಪೊದೆಗಳಲ್ಲಿಯೇ ಮಲಗುತ್ತವೆ, ಆದ್ದರಿಂದ ಎಲ್ಲವನ್ನೂ ಒಂದೇ ವರ್ಷದಲ್ಲಿ ಬೋಳು ಮಾಡದೆ ತುಂಡುತುಂಡಾಗಿ ತೆಗೆಯಿರಿ.

ನೀರಿನ ತೊಟ್ಟಿಗಳನ್ನು ಕೈಬಿಡಿ. ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನದಲ್ಲಿ ಕೊಳವೆಬಾವಿ ನೀರು ಕೊಟ್ಟದ್ದರಿಂದ ಜೀಬ್ರಾಗಳೂ ಅವುಗಳ ಹಿಂದೆ ಸಿಂಹಗಳೂ ಬಂದು ಅಪರೂಪದ ರೋನ್ ಜಿಂಕೆಗಳು ಕುಗ್ಗಿದವು, ಆಮೇಲೆ ಅನೇಕ ಬಾವಿಗಳನ್ನು ಮುಚ್ಚಬೇಕಾಯಿತು. ನಿಮ್ಮಲ್ಲಿ ತೊಟ್ಟಿಯ ಹಿಂದೆ ಬರುವುದು ಸಿಂಹವಲ್ಲ, ಬೀದಿನಾಯಿ. ಅದು ಕೃಷ್ಣಮೃಗದ ಮರಿಗಳನ್ನು ಕೊಲ್ಲುತ್ತದೆ, ತೋಳಗಳಿಗೆ ರೇಬೀಸ್ ಮತ್ತು ಡಿಸ್ಟೆಂಪರ್ ಅಂಟಿಸುತ್ತದೆ, ಅವುಗಳೊಂದಿಗೆ ಕೂಡಿ ಮಿಶ್ರತಳಿಯನ್ನೂ ಹುಟ್ಟಿಸುತ್ತದೆ. ತೊಟ್ಟಿಯ ಹಣವನ್ನು ಸುತ್ತಲ ಊರುಗಳ ನಾಯಿಗಳ ಲಸಿಕೆಗೆ ತಿರುಗಿಸಲು ಪಶುವೈದ್ಯಾಧಿಕಾರಿಗಳ ಜೊತೆ ಮಾತಾಡಿ.

ಮೇಯಿಕೆಗೆ ಹಟ್ಟಿಯ ಹಿರಿಯರೊಂದಿಗೆ ಕುಳಿತು ಕಾವಲನ್ನು ನಾಲ್ಕು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲನ್ನು ಜೂನ್‌ನಿಂದ ಬೀಜ ಉದುರುವ ಅಕ್ಟೋಬರ್ ಕೊನೆಯವರೆಗೆ ಬಿಡುವುಗೊಳಿಸುವ ಒಪ್ಪಂದ ಮಾಡಿಕೊಳ್ಳಿ. ಬಿಡುವಿನ ಪಾಲಿನ ಹುಲ್ಲನ್ನು ಆಮೇಲೆ ಅವರೇ ಕೊಯ್ದುಕೊಳ್ಳಲಿ. ತೋಳದ ಗೂಡಿನ ಸುತ್ತ ನವೆಂಬರಿನಿಂದ ಮಾರ್ಚಿಯವರೆಗೆ ಯಾರೂ ಹೋಗದಿರುವುದು ಒಪ್ಪಂದದ ಭಾಗವಾಗಲಿ, ತೋಳ ಹಿಡಿದ ಕುರಿಗೆ ಇಲಾಖೆಯ ಪರಿಹಾರ ವಾರಗಳಲ್ಲಿ ಕೈಸೇರುವುದು ನಿಮ್ಮ ಕಡೆಯ ಮಾತಾಗಲಿ. ಮೊದಲ ವರ್ಷ ಒಪ್ಪಂದ ಮುರಿಯುತ್ತದೆ ಎಂದೇ ಎಣಿಸಿಕೊಂಡಿರಿ. ದಂಡ ಹಾಕಲು ಆತುರಪಡಬೇಡಿ.

ದೀರ್ಘಕಾಲದ ರಕ್ಷಣೆಗೆ ಅಭಯಾರಣ್ಯ ಬೇಕಿಲ್ಲ. ವನ್ಯಜೀವಿ ಕಾಯಿದೆಗೆ 2002ರಲ್ಲಿ ಸೇರಿಸಿದ 36ಎ ಕಲಮಿನಡಿ, ಸ್ಥಳೀಯರೊಂದಿಗೆ ಸಮಾಲೋಚಿಸಿ, ಸರ್ಕಾರಿ ಜಮೀನನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು. ಒಳಗೆ ಜನರಿಗಿರುವ ಹಕ್ಕುಗಳು ಅದರಿಂದ ಹೋಗುವುದಿಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಸಂಬಂಧಿಸಿದ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳವರೂ ಇರುತ್ತಾರೆ. ತುಮಕೂರು ಜಿಲ್ಲೆಯ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಮೀಸಲಿನ ವಿಸ್ತೀರ್ಣ 798 ಎಕರೆ, ಹೆಚ್ಚುಕಡಿಮೆ ನಿಮ್ಮ ಕಾವಲಿನಷ್ಟೇ. ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಮೀಸಲಾಯಿತು. ಇದರಲ್ಲೂ ಅಪಾಯಗಳಿವೆ. ‘ಮೀಸಲು’ ಎಂಬ ಪದ ಕೇಳಿದೊಡನೆ ಊರಿನವರು ಒಕ್ಕಲೆಬ್ಬಿಸುತ್ತಾರೆಂದು ತಿಳಿಯುತ್ತಾರೆ, ಮತ್ತು ಆ ತಪ್ಪು ತಿಳಿವಳಿಕೆಯನ್ನು ಬೆಳೆಸುವವರೂ ಇರುತ್ತಾರೆ. ಬೆಂಗಳೂರಿನ ಮಗ್ಗುಲಿನ ಹೆಸರಘಟ್ಟ ಹುಲ್ಲುಗಾವಲಿನ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ಬಿದ್ದುಹೋಗಿ, ಮತ್ತೆ ಮೇಲೇಳಲು ವರ್ಷಗಳೇ ಹಿಡಿದವು. ಕೃಷ್ಣಮೃಗಗಳು ಹೆಚ್ಚಿದರೆ ಪಕ್ಕದ ಹೊಲಗಳಿಗೆ ನುಗ್ಗುತ್ತವೆ, ಬೆಳೆ ಪರಿಹಾರದ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಮೇಯಿಕೆಯ ಒಪ್ಪಂದ ಎರಡು ವರ್ಷ ನಡೆದ ಮೇಲೆ, ಸಾಧ್ಯವಾದರೆ ಪಂಚಾಯಿತಿಯ ನಿರ್ಣಯದ ಮೂಲಕವೇ, ಪ್ರಸ್ತಾವ ಹೋಗಲಿ.

ಇವುಗಳಲ್ಲಿ ಹೆಚ್ಚಿನವಕ್ಕೆ ನಿಮಗೆ ಸಮಯವಿದೆ. ಯಂತ್ರ ಇಳಿಸುವ ಕಾರ್ಯಾದೇಶಕ್ಕೆ ಇಲ್ಲ. ಗೂಡಿರುವ ಹಳ್ಳದ ಬದಿಯ ಕಂದಕದ ಕೆಲಸವನ್ನು ಸ್ಥಳಪರಿಶೀಲನೆ ಬಾಕಿ ಇದೆಯೆಂಬ ಕಾರಣ ಬರೆದು ಈ ವಾರವೇ ತಡೆಹಿಡಿಯಿರಿ, ಆ ವಾಚರ್ ಅನ್ನು ಕರೆದುಕೊಂಡು ಒಂದು ಬೆಳಗಿನ ಜಾವ ನೀವೇ ಅಲ್ಲಿಗೆ ಹೋಗಿ, ನೋಡಿದ್ದನ್ನು ಅಂದೇ ದಿನಚರಿಯಲ್ಲಿ ಬರೆಯಿರಿ. ಮುಂದಿನ ಕಡತವೆಲ್ಲ ಆ ಪುಟದಿಂದ ಆರಂಭವಾಗುತ್ತದೆ.